ಮುಸ್ಯಾನ ಬಾಲ ಯಾವ ಕಡೆ ಬಾಗ್ತದ?

(ಗಂಗಾವತಿಯಲ್ಲಿ ಕಳೆದ ತಿಂಗಳು ಒಂದು ಭಾನುವಾರ ಸಂಜೆ ಆಡಿದ ಮಾತಿನ ಬರಹ ರೂಪ. ಮಾತು ಅಡ್ಡದಾರಿ ಹಿಡಿದ ಕಡೆ ಸ್ವಲ್ಪ ಕತ್ತರಿಸಿದ್ದೇನೆ. ಪೂರ್ತಿ ಕತ್ತರಿಸಿದರೆ ಅದು ನನ್ನ ಮಾತು ಅನ್ನಿಸುವುದಿಲ್ಲ, ಹಾಗಾಗಿ ಕೆಲವನ್ನು ಬಿಟ್ಟಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಇಲ್ಲಿ ಕೂತವರಲ್ಲಿ ಅಂಜನಾದ್ರಿ ಹತ್ತದವರು ಯಾರೂ ಇರಲಿಕ್ಕಿಲ್ಲ. ಆ 575 ಮೆಟ್ಟಿಲು ಹತ್ತುವಾಗ ಕೈಯಲ್ಲಿದ್ದ ಬಾಳೆಹಣ್ಣು ಕಳೆದುಕೊಂಡವರೂ ಬೇಕಾದಷ್ಟು ಜನ ಇರುತ್ತೀರಿ. ಕಿತ್ತುಕೊಂಡಿದ್ದು ಮಂಗ್ಯಾ ಇರಬಹುದು, ಇಲ್ಲಾ ಕಪ್ಪು ಮುಖದ, ಉದ್ದ ಬಾಲದ ಮುಸ್ಯಾ ಇರಬಹುದು. ಪುಸ್ತಕದಲ್ಲಿ ಮುಸುವ ಎಂದು ಬರೆಯುತ್ತಾರೆ. ಈಗ ಹೇಳಿ, ಈ ಮುಸ್ಯಾ ನಾಲ್ಕು ಕಾಲಲ್ಲಿ ನಡೆಯುವಾಗ ಬಾಲ ಮೇಲೆತ್ತಿರುತ್ತದಲ್ಲ, ಅದರ ತುದಿ ಯಾವ ಕಡೆ ಬಾಗಿರುತ್ತದೆ? ತಲೆಯ ಕಡೆಗೋ, ಹಿಂದಕ್ಕೋ?

(ಅರ್ಧ ಸಭೆ ತಲೆಯ ಕಡೆಗೆ ಎಂದಿತು, ಇನ್ನರ್ಧ ಹಿಂದಕ್ಕೆ ಎಂದಿತು. ಹಿಂದೆ ಕೂತ ಒಬ್ಬ ಹುಡುಗ 'ಬಾಳೆಹಣ್ಣಿನ ಕಡೆಗೆ' ಎಂದ.)

ತಲೆಯ ಕಡೆಗೆ ಎಂದವರಿಗೆ ಊರ ಹನುಮಪ್ಪನ ಗುಡಿ ನೆನಪಾಗಿರಬೇಕು. ನಮ್ಮ ಕಡೆಯ ಎಷ್ಟೋ ಮೂರ್ತಿಗಳಲ್ಲಿ ಬಾಲ ಬೆನ್ನ ಹಿಂದೆ ಎದ್ದು, ತಲೆಯ ಮೇಲೆ ಹಾದು ಬರುತ್ತದೆ, ತುದಿಗೆ ಒಂದು ಪುಟ್ಟ ಗಂಟೆಯೂ ಇರುತ್ತದೆ. ಆದರೆ ಇಲ್ಲಿಯ ಬಂಡೆಗಳ ಮೇಲೆ ಓಡಾಡುವ ಮುಸ್ಯಾನ ಬಾಲ ಮೇಲೆದ್ದು ಹಿಂದಕ್ಕೆ ಬಾಗುತ್ತದೆ. ರಾಜಸ್ಥಾನದ ಜೋಧಪುರಕ್ಕೆ ಹೋಗಿ, ಅಲ್ಲಿಯ ಮುಸುವಗಳ ಬಾಲ ಹನುಮಪ್ಪನ ಹಾಗೇ ತಲೆಯ ಕಡೆಗೆ ಬಾಗಿರುತ್ತದೆ. ಹೆಚ್ಚುಕಡಿಮೆ ತಾಪಿ ಮತ್ತು ಗೋದಾವರಿ ನದಿಗಳ ಆಸುಪಾಸಿನಲ್ಲಿ ಇದು ಬದಲಾಗುತ್ತದೆ. ಪ್ರಾಣಿಶಾಸ್ತ್ರಜ್ಞ ಎಂ. ಎಲ್. ರೂನ್ವಾಲ್ ಇದನ್ನು ಗಮನಿಸಿ ಬರೆದಿಟ್ಟರು. ಹಾಗಾದರೆ ನಮ್ಮ ಶಿಲ್ಪಿಗಳು ಉತ್ತರದ ಮುಸುವ ನೋಡಿ ಕೆತ್ತಿದರಾ ಅಂತ ಕೇಳಬೇಡಿ. ಕಲ್ಲಿನಲ್ಲಿ ಬಾಲವನ್ನು ಹಿಂದಕ್ಕೆ ಬಿಟ್ಟರೆ ಮುರಿದು ಬೀಳುತ್ತದೆ, ತಲೆಯ ಸುತ್ತ ತಂದರೆ ಪ್ರಭಾವಳಿಯ ಕೆಲಸವೂ ಆಗುತ್ತದೆ. ಇದು ನನ್ನ ಊಹೆ ಅಷ್ಟೆ.

ಬಹಳ ಕಾಲ ಹಿಮಾಲಯದ ತಪ್ಪಲಿನಿಂದ ಶ್ರೀಲಂಕಾದವರೆಗೆ ಇರುವ ಈ ಮುಸುವಗಳನ್ನೆಲ್ಲ ಒಂದೇ ಪ್ರಭೇದ ಎಂದೇ ಲೆಕ್ಕ ಹಿಡಿದಿದ್ದರು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಪ್ರವೀಣ್ ಕಾರಂತ್ ಅವರ ತಂಡ ಬಾಲ, ಮೈಬಣ್ಣ, ಡಿಎನ್ಎ ಎಲ್ಲ ನೋಡಿತು. ಉತ್ತರದವು ಬೇರೆ ಕವಲು, ದಕ್ಷಿಣದವು ಬೇರೆ ಕವಲು ಎಂದು ಕಂಡಿತು. ಈಗ ಇವನ್ನು ಹಲವು ಪ್ರಭೇದಗಳಾಗಿ ಬಿಡಿಸಿದ್ದಾರೆ. ಎಷ್ಟು ಎಂಬ ಜಗಳ ನಡೆಯುತ್ತಲೇ ಇದೆ, ನಡೆಯಲಿ.

ನನಗೆ ಆ ಜಗಳದ ಹಿಂದಿರುವ ಪ್ರಶ್ನೆ ಮೇಲೆ ಆಸೆ ಜಾಸ್ತಿ. ಒಂದೇ ಜೀವಿ ಎರಡು ಜಾಗದಲ್ಲಿ ಎರಡು ಥರ ಕಂಡರೆ, ಯಾಕೆ ಹಾಗೆ ಎಂದು ತಿಳಿಯುವುದು ಹೇಗೆ? ಬರೀ ನೋಡಿದರೆ ತಿಳಿಯುವುದಿಲ್ಲ. ಇವತ್ತು ನಾನು ಹೇಳಬೇಕು ಅಂದುಕೊಂಡು ಬಂದಿದ್ದು ಇದೊಂದೇ.

'ಪ್ರಭೇದ' ಎಂಬ ಪದ ಬಳಸುತ್ತಿದ್ದೇನೆ, ಬೇಜಾರು ಮಾಡಿಕೊಳ್ಳಬೇಡಿ. 'ಜಾತಿ' ಎಂದರೆ ಸುಲಭ ಆಗುತ್ತಿತ್ತು. ಆದರೆ ಆ ಪದ ಬಾಯಿಗೆ ಬಂದ ಕೂಡಲೇ ನಮ್ಮ ಸಭೆಗಳಲ್ಲಿ ಮಾತು ಬೇರೆ ಕಡೆ ಹೋಗುತ್ತದೆ, ಅಲ್ವಾ.

ಮುಂದಿನ ಸಾಲಿನಲ್ಲಿ ಹೆಗಲ ಮೇಲೆ ಕಂಬಳಿ ಹಾಕಿಕೊಂಡು ಒಬ್ಬರು ಅಜ್ಜ ಕೂತಿದ್ದಾರೆ. ಅಜ್ಜಾರ, ಸಂತೆಯಲ್ಲಿ ಕುರಿ ನೋಡಿದರೆ ಯಾವ ಸೀಮೆಯದು ಅಂತ ಹೇಳುತ್ತೀರಾ?

('ಹೇಳದ ಏನ್ರಿ ಸರ, ಕಣ್ಣು ಮುಚ್ಚಿ ಕೈ ಆಡಿಸಿ ಹೇಳ್ತೀನಿ' ಎಂದರು ಅಜ್ಜ. ಚಪ್ಪಾಳೆ ಬಿತ್ತು.)

ನೋಡಿ. ರಾಯಚೂರು, ಕೊಪ್ಪಳ ಸೀಮೆಯ ಕೆಂಗುರಿ ಹೆಸರಿಗೆ ತಕ್ಕ ಹಾಗೆ ಕೆಂಪು ಕಂದು, ಉಣ್ಣೆ ಕಡಿಮೆ, ಕೂದಲೇ ಜಾಸ್ತಿ. ಬಳ್ಳಾರಿ ಕುರಿಯ ಉಣ್ಣೆ ಒರಟು, ಕಂಬಳಿಗೆ ಹೇಳಿ ಮಾಡಿಸಿದ್ದು. ಬನ್ನೂರಿನದು ಗಿಡ್ಡ ಕಾಲಿನ, ಗುಂಡು ಮೈಯ ಮಾಂಸದ ಕುರಿ. ಮೂರೂ ಕುರಿಗಳೇ, ಒಂದರ ಟಗರನ್ನು ಇನ್ನೊಂದಕ್ಕೆ ಬಿಟ್ಟರೆ ಮರಿ ಹುಟ್ಟುತ್ತದೆ. ಆದರೆ ಇಲ್ಲಿ ಯಾವ ಟಗರನ್ನು ಉಳಿಸಬೇಕು, ಯಾವುದನ್ನು ಮಾರಬೇಕು ಎಂದು ಆರಿಸಿದ್ದು ಕುರುಬರ ಕಣ್ಣು, ಎಷ್ಟೋ ತಲೆಮಾರು. ಕಾಡಿನಲ್ಲಿ ಹಾಗೆ ಆರಿಸುವ ಅಜ್ಜ ಇಲ್ಲ. ಅಲ್ಲಿ ವ್ಯತ್ಯಾಸ ಹೇಗೆ ಬರುತ್ತದೆ?

ಇಲ್ಲಿ ನಾನು ಮೂರ್ಖನಾದ ಕಥೆ ಹೇಳಬೇಕು.

ನಾನು ಪಾಠ ಮಾಡಲು ಸೇರಿದ ಹೊಸದು. ವಿದ್ಯಾರ್ಥಿಗಳನ್ನು ಬೆಟ್ಟಕ್ಕೆ ಕರೆದುಕೊಂಡು ಹೋಗಿದ್ದೆ. ಬಂಡೆಯ ಸಂದಿಯಲ್ಲಿ ತುಂಬೆ ಗಿಡ ಇತ್ತು, ನಾಲ್ಕು ಬೆರಳು ಎತ್ತರ, ಎಲೆ ಉಗುರಿನಷ್ಟು. ಇಳಿದು ಬಂದು ಕಾಲುವೆ ದಂಡೆಯಲ್ಲಿ ನೋಡಿದರೆ ಅದೇ ತುಂಬೆ ಮೊಣಕಾಲು ಮುಟ್ಟುತ್ತಿತ್ತು. ನಾನು ಗಂಭೀರವಾಗಿ ಹೇಳಿದೆ: ನೋಡ್ರಪ್ಪಾ, ಬೆಟ್ಟದ ತುಂಬೆ ತಳಿಯೇ ಬೇರೆ, ಬರಕ್ಕೆ ಒಗ್ಗಿದ್ದು. ಎಲ್ಲರೂ ಬರೆದುಕೊಂಡರು. ಒಬ್ಬ ಹುಡುಗಿ ಮಾತ್ರ ಎರಡೂ ಕಡೆಯಿಂದ ಬೀಜ ಕಟ್ಟಿಕೊಂಡು ಹೋಗಿದ್ದಳು. ಮಳೆಗಾಲ ಕಳೆದ ಮೇಲೆ ಎರಡು ಡಬ್ಬಿ ತಂದು ನನ್ನ ಮೇಜಿನ ಮೇಲಿಟ್ಟಳು. ಎರಡರಲ್ಲೂ ತುಂಬೆ, ಎರಡೂ ಒಂದೇ ಎತ್ತರ. 'ಸರ್, ಇದರಲ್ಲಿ ಬೆಟ್ಟದ್ದು ಯಾವುದು?' ಎಂದು ಕೇಳಿದಳು.

ನನಗೆ ಹೇಳಲು ಆಗಲಿಲ್ಲ. ಒಂದೇ ಮಣ್ಣು, ಒಂದೇ ನೀರು ಸಿಕ್ಕ ಕೂಡಲೇ ವ್ಯತ್ಯಾಸ ಹೋಯಿತು. ಅದು ಬೀಜದಲ್ಲಿ ಇರಲಿಲ್ಲ, ಜಾಗದಲ್ಲಿತ್ತು. ಕೃಷಿಹೊಂಡದಲ್ಲಿ ಮೀನು ಬಿಟ್ಟವರಿಗೂ ಇದು ಗೊತ್ತು. ಒಂದೇ ಕಡೆಯಿಂದ ತಂದ ಕಾಟ್ಲಾ ಮರಿ, ಹೊಂಡದಲ್ಲಿ ಒತ್ತೊತ್ತಾಗಿ ಬಿಟ್ಟರೆ ಅಂಗೈಯಷ್ಟಕ್ಕೇ ನಿಲ್ಲುತ್ತದೆ, ದೊಡ್ಡ ಕೆರೆಗೆ ಬಿಟ್ಟರೆ ಎರಡು ಕೈಯಲ್ಲಿ ಎತ್ತಬೇಕಾಗುತ್ತದೆ.

ಆ ಹುಡುಗಿ ತನಗೇ ಗೊತ್ತಿಲ್ಲದೆ ಮಾಡಿದ ಪರೀಕ್ಷೆ ಇದೆಯಲ್ಲ, ಅದು ಈ ಶಾಸ್ತ್ರದ ದೊಡ್ಡ ಪರೀಕ್ಷೆ. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಕ್ಲಾಸನ್, ಕೆಕ್, ಹೀಸಿ ಎಂಬ ಮೂವರು ಇದನ್ನೇ ವರ್ಷಗಟ್ಟಲೆ ಮಾಡಿದರು. ಅವರಿಗೆ ಮೂರು ತೋಟ ಇದ್ದವು. ಒಂದು ಸ್ಟ್ಯಾನ್‌ಫರ್ಡ್‌ನಲ್ಲಿ, ಸಮುದ್ರಮಟ್ಟದಿಂದ ಸುಮಾರು 30 ಮೀಟರ್ ಎತ್ತರ. ಇನ್ನೊಂದು ಮೇದರ್ ಎಂಬಲ್ಲಿ, 1,400 ಮೀಟರ್. ಮೂರನೆಯದು ಟಿಂಬರ್‌ಲೈನ್, 3,000 ಮೀಟರ್ ದಾಟಿದ್ದು, ವರ್ಷದಲ್ಲಿ ಬಹಳ ತಿಂಗಳು ಹಿಮ. ಯಾರೋ ಎಂಬ ಬಿಳಿ ಹೂವಿನ ಗಿಡ ಆ ನಾಡಿನಲ್ಲಿ ಸಮುದ್ರದ ದಂಡೆಯಿಂದ ಬೆಟ್ಟದ ತುದಿಯವರೆಗೂ ಬೆಳೆಯುತ್ತದೆ. ಕೆಳಗೆ ಎತ್ತರದ ಗಿಡ, ಮೇಲೆ ಗಿಡ್ಡ. (ಹೆಸರೇ 'ಯಾರೋ'. ಯಾವ ಗಿಡ ಎಂದು ಕೇಳಿದರೆ ಯಾರೋ ಎಂದೇ ಹೇಳಬೇಕು.)

ಅವರು ಒಂದೊಂದು ಗಿಡವನ್ನೂ ಬುಡ ಸೀಳಿ ತುಂಡು ಮಾಡಿದರು. ನಾವು ಮಲ್ಲಿಗೆ ಹಂಬು ಸೀಳಿ ನೆಡುತ್ತೇವಲ್ಲ, ಹಾಗೆ. ಒಂದೇ ಗಿಡದ ತುಂಡುಗಳು ಮೂರೂ ತೋಟಕ್ಕೆ ಹೋದವು. ಬೆಟ್ಟದ ತುದಿಯ ಗಿಡವನ್ನು ಕೆಳಗಿನ ಬೆಚ್ಚಗಿನ ತೋಟದಲ್ಲಿ ನೆಟ್ಟರೂ ಅದು ಗಿಡ್ಡವಾಗಿಯೇ ಉಳಿಯಿತು. ಕೆಳಗಿನ ಗಿಡವನ್ನು ತುದಿಗೆ ಒಯ್ದರೆ ಅಲ್ಲಿಯ ಚಳಿಗೆ ಬಾಳಲಿಲ್ಲ. ಅಂದರೆ ಈ ವ್ಯತ್ಯಾಸ ಗಿಡದೊಳಗೇ ಇತ್ತು, ಪೀಳಿಗೆಯಿಂದ ಪೀಳಿಗೆಗೆ ಬಂದಿತ್ತು. ಹಾಗಂತ ತೋಟದ ಪಾತ್ರ ಇಲ್ಲವೇ ಇಲ್ಲ ಎಂದಲ್ಲ, ಒಂದೇ ಗಿಡದ ಮೂರು ತುಂಡು ಮೂರು ಕಡೆ ಸ್ವಲ್ಪ ಬೇರೆ ಬೇರೆ ಎತ್ತರ ಬೆಳೆದವು. ಎರಡೂ ಕೂಡಿಯೇ ಕೆಲಸ ಮಾಡುತ್ತವೆ. ಎಷ್ಟು ಪಾಲು ಯಾವುದರದ್ದು ಎಂಬುದು ಸ್ಥಳ ಅದಲುಬದಲು ಮಾಡಿದರೆ ಮಾತ್ರ ಗೊತ್ತಾಗುತ್ತದೆ. ಹೀಗೆ ಜಾಗಕ್ಕೆ ಒಗ್ಗಿ, ಅದನ್ನು ಮಕ್ಕಳಿಗೂ ದಾಟಿಸುವ ಗುಂಪಿಗೆ ಸ್ವೀಡನ್ನಿನ ಟೂರೆಸನ್ 1922ರಲ್ಲೇ 'ಇಕೋಟೈಪ್' ಎಂದು ಹೆಸರಿಟ್ಟಿದ್ದರು.

ಈಗ ಮಣ್ಣಿಗೆ ಬರೋಣ. ಕೃಷ್ಣಾ, ತುಂಗಭದ್ರಾ ನಡುವಿನ ನಮ್ಮ ದೋಆಬ್ ಸೀಮೆಯವರಿಗೆ ಎರೆ, ಮಸಾರಿ ಎಂದು ಬಿಡಿಸಿ ಹೇಳಬೇಕಾಗಿಲ್ಲ. ಕಪ್ಪು ನೆಲ, ಕೆಂಪು ನೆಲ. ಒಂದು ಬದುವಿನ ಈಚೆ ಎರೆ, ಆಚೆ ಮಸಾರಿ ಇರುವ ಊರುಗಳೂ ಇವೆ. ಅಮೆರಿಕದ ಅರಿಜೋನಾ ಮತ್ತು ಮೆಕ್ಸಿಕೋ ದೇಶದ ಗಡಿಯಲ್ಲಿ ಇಂಥದ್ದೇ ಒಂದು ಜಾಗ ಇದೆ, ಪಿನಕಾಟೆ. ತಿಳಿ ಬಣ್ಣದ ಮರಳುಗಾಡಿನ ನಡುವೆ ಜ್ವಾಲಾಮುಖಿಯಿಂದ ಹರಿದು ಹೆಪ್ಪುಗಟ್ಟಿದ ಕಪ್ಪು ಕಲ್ಲಿನ ಹರವು. ಅಲ್ಲಿ ಒಂದು ಪುಟ್ಟ ಇಲಿ ಇದೆ. ತಿಳಿ ನೆಲದಲ್ಲಿ ಇರುವ ಇಲಿಯ ಬೆನ್ನು ತಿಳಿ ಕಂದು, ಕಪ್ಪು ಕಲ್ಲಿನ ಮೇಲಿರುವುದರ ಬೆನ್ನು ಕಪ್ಪು. ಎರಡೂ ಒಂದೇ ಪ್ರಭೇದ. ರಾತ್ರಿ ಗೂಬೆ ಬರುತ್ತದೆ. ಕಪ್ಪು ಕಲ್ಲಿನ ಮೇಲೆ ತಿಳಿ ಇಲಿ ಎದ್ದು ಕಾಣುತ್ತದೆ, ಹೋಗುತ್ತದೆ. ಕುರುಬರ ಕಣ್ಣು ಟಗರಿಗೆ ಮಾಡಿದ್ದನ್ನು ಇಲ್ಲಿ ಗೂಬೆಯ ಕಣ್ಣು ಇಲಿಗೆ ಮಾಡಿತು.

2003ರಲ್ಲಿ ಮೈಕಲ್ ನ್ಯಾಕ್‌ಮನ್, ಹೋಪಿ ಹೂಕ್‌ಸ್ಟ್ರಾ ಮತ್ತು ಜೊತೆಗಾರರು ಪಿನಕಾಟೆಯ ಕಪ್ಪು ಇಲಿಗಳಲ್ಲಿ ಮೈಬಣ್ಣಕ್ಕೆ ಸಂಬಂಧಪಟ್ಟ ಎಂಸಿ1ಆರ್ ಎಂಬ ಜೀನ್ (ವಂಶವಾಹಿ) ಬದಲಾಗಿದ್ದನ್ನು ಕಂಡುಹಿಡಿದರು. ನನಗೆ ತುಂಬಾ ಹಿಡಿಸಿದ್ದು ಅದರ ಮುಂದಿನ ಭಾಗ. ಪಕ್ಕದ ನ್ಯೂ ಮೆಕ್ಸಿಕೋದಲ್ಲೂ ಕಪ್ಪು ಕಲ್ಲು ಇದೆ, ಅದರ ಮೇಲೂ ಇದೇ ಪ್ರಭೇದದ ಕಪ್ಪು ಇಲಿ ಇದೆ. ಅವುಗಳಲ್ಲಿ ಎಂಸಿ1ಆರ್‌ನ ಆ ಬದಲಾವಣೆ ಇಲ್ಲ! ಬೇರೆ ಯಾವುದೋ ದಾರಿಯಿಂದ ಕಪ್ಪಾಗಿವೆ. ಬೇರೆ ಕಂಡದ್ದು ಒಳಗೆ ಒಂದೇ ಇರಬಹುದು, ತುಂಬೆ ಗಿಡದ ಹಾಗೆ. ಒಂದೇ ಕಂಡದ್ದು ಒಳಗೆ ಬೇರೆ ಇರಬಹುದು, ಈ ಇಲಿಗಳ ಹಾಗೆ. ಕಣ್ಣಿಗೆ ಎಷ್ಟು ನಂಬಿಕೆ ಕೊಡಬೇಕು ನೀವೇ ಹೇಳಿ.

ಮೈ ಮಾತ್ರ ಅಲ್ಲ, ನಡತೆಯೂ ಬೇರೆ ಇರುತ್ತದೆ. ಓತಿಕ್ಯಾತಕ್ಕೆ ಬೇಲಿ ಸಾಕ್ಷಿ ಅನ್ನುತ್ತಾರೆ. ನಮ್ಮ ಬಂಡೆಗಳ ಮೇಲಿನ ಕಲ್ಲು ಓತಿಗೆ ಬೇಲಿಯೂ ಬೇಡ, ಬಿಸಿಲಿಗೆ ಕಾದ ಕಲ್ಲು ಸಾಕು. ಬೆದೆಗಾಲದಲ್ಲಿ ಗಂಡು ಕೆಂಪು, ಕಿತ್ತಳೆ, ಹಳದಿ ಬಣ್ಣ ತಾಳಿ ತಲೆ ಆಡಿಸುತ್ತಾ ಕೂರುತ್ತದೆ, ಸೆಕೆಂಡುಗಳಲ್ಲಿ ಬಣ್ಣ ಬದಲಿಸುತ್ತದೆ. ಇದೇ ಓತಿ ಬೆಂಗಳೂರಿನ ಅಂಚಿನ ಬಡಾವಣೆಗಳ ಕಾಂಪೌಂಡ್ ಮೇಲೂ ಇದೆ. ಭಾರತೀಯ ವಿಜ್ಞಾನ ಸಂಸ್ಥೆಯ ಮರಿಯಾ ಠಾಕರ್ ಮತ್ತು ಅನುರಾಧಾ ಬಟಬ್ಯಾಲ್ ಊರಂಚಿನ ಓತಿ, ಹಳ್ಳಿಗಾಡಿನ ಓತಿ ಎರಡನ್ನೂ ತಂದು, ಅಪಾಯ ಬಂದಾಗ ಯಾವ ಅಡಗುತಾಣ ಸುರಕ್ಷಿತ ಎಂದು ಕಲಿಯಲು ಬಿಟ್ಟರು. ಬಡಾವಣೆಯವು ಬೇಗ ಕಲಿತವು. 2019ರಲ್ಲಿ ಇದನ್ನು ಪ್ರಕಟಿಸಿದರು. ಪಟ್ಟಣದ ಹವಾ ಅದಕ್ಕೂ ಬಡಿದಿದೆ! ಇದು ಹುಟ್ಟಿನಿಂದ ಬಂದ ಚುರುಕೋ, ಬೆಳೆದ ಜಾಗ ಕಲಿಸಿದ್ದೋ ಅಂತ ಈಗ ನೀವೇ ಕೇಳಬೇಕು. ತುಂಬೆ ಡಬ್ಬಿ ನೆನಪಿರಲಿ. ಮೊಟ್ಟೆಯಿಂದಲೇ ಒಂದೇ ಕಡೆ ಬೆಳೆಸಿ ನೋಡಬೇಕಾಗುತ್ತದೆ.

ಇನ್ನೊಂದು ಕಾರಣ ಇದೆ, ಅದು ನಮ್ಮ ಜಿಲ್ಲೆಗಳಿಗೆ ಹತ್ತಿರದ್ದು. ಅದು ಬರೀ ಅದೃಷ್ಟ. ಜಾಗಕ್ಕೆ ಒಗ್ಗಿದ್ದೂ ಅಲ್ಲ, ಮೈ ಹೊಂದಿಕೊಂಡಿದ್ದೂ ಅಲ್ಲ. ದೊಡ್ಡ ಗುಂಪಿನಿಂದ ಒಂದು ಸಣ್ಣ ಗುಂಪು ಕಡಿದು ಬಿತ್ತು, ಅದರೊಳಗೆ ಇದ್ದ ಯಾವುದೋ ಅಪರೂಪದ ಗುಣ ಸುಮ್ನೆ ಹರಡಿಕೊಂಡಿತು, ಅಷ್ಟೆ.

ಒಡಿಶಾದ ಸಿಮಿಲಿಪಾಲ್ ಕಾಡಿನ ಕಪ್ಪು ಹುಲಿಗಳ ಫೋಟೋ ನೀವು ಮೊಬೈಲಿನಲ್ಲಿ ನೋಡಿರುತ್ತೀರಿ. ಪಟ್ಟೆಗಳು ದಪ್ಪಗಾಗಿ ಒಂದಕ್ಕೊಂದು ಕೂಡಿಕೊಂಡು ಮೈಯೆಲ್ಲ ಕಪ್ಪಾದ ಹಾಗೆ ಕಾಣುತ್ತದೆ. ಬೆಂಗಳೂರಿನ ಎನ್‌ಸಿಬಿಎಸ್ ಎಂಬ ಜೀವವಿಜ್ಞಾನ ಸಂಸ್ಥೆಯ ಉಮಾ ರಾಮಕೃಷ್ಣನ್ ಅವರ ತಂಡ 2021ರಲ್ಲಿ ಇದರ ಬೇರು ಹುಡುಕಿತು. ಒಂದೇ ಒಂದು ಜೀನಿನಲ್ಲಿ ಒಂದು ಸಣ್ಣ ಬದಲಾವಣೆ. ಇದೇ ಜೀನ್ ಬದಲಾದರೆ ಚಿರತೆಯಂಥ ಚೀತಾದಲ್ಲಿ ಚುಕ್ಕೆಗಳು ಕೂಡಿಕೊಂಡು 'ಕಿಂಗ್ ಚೀತಾ' ಆಗುತ್ತದೆ, ಸಾಕಿದ ಬೆಕ್ಕಿನಲ್ಲಿ ಪಟ್ಟೆಗಳು ಸುರುಳಿ ಸುರುಳಿ ಆಗುತ್ತವೆ. ಬೇರೆ ಕಾಡುಗಳ ಹುಲಿಗಳಲ್ಲಿ ಹುಡುಕಿದರೆ ಇದು ಸಿಗಲಿಲ್ಲ. ಸಿಮಿಲಿಪಾಲ್‌ನಲ್ಲಿ ಮಾತ್ರ ನೂರಕ್ಕೆ ಸುಮಾರು 37 ಹುಲಿಗಳು ಹೀಗೆ. ಆ ಕಾಡಿನ ಹುಲಿಗಳು ಬೇರೆ ಕಾಡಿನವುಗಳಿಂದ ಕಡಿದುಹೋಗಿವೆ. ಗುಂಪು ಚಿಕ್ಕದು, ಸಂಬಂಧದೊಳಗೇ ಸಂಬಂಧ. ನಾವು ಫೋಟೋ ನೋಡಿ ಎಂಥ ಚೆಂದ ಎನ್ನುತ್ತೇವೆ. ಅದು ಒಂದು ಒಂಟಿ ಗುಂಪಿನ ಗುರುತೂ ಹೌದು.

ದರೋಜಿಯ ಕರಡಿಗಳನ್ನು ನೋಡುವಾಗ ನನಗೆ ಇದು ನೆನಪಾಗುತ್ತದೆ. ಹೊಸಪೇಟೆ, ಸಂಡೂರು ನಡುವಿನ ಆ ಬಂಡೆಗಾಡನ್ನು 1994ರಲ್ಲಿ ಕರಡಿಧಾಮ ಎಂದು ಘೋಷಿಸಿದರು. ಈಗ ಬಳ್ಳಾರಿ, ವಿಜಯನಗರ ಎಂದು ಜಿಲ್ಲೆ ಬೇರೆ ಆದದ್ದು ಕರಡಿಗೆ ಗೊತ್ತಿಲ್ಲ. ಆದರೆ ಕಾಲುವೆ, ಭತ್ತದ ಗದ್ದೆ, ಅದಿರು ಲಾರಿ ಓಡುವ ರಸ್ತೆ ಎಲ್ಲಿದೆ ಎಂಬುದು ಗೊತ್ತು. ಬಂಡೆ ಗುಡ್ಡಗಳು ದ್ವೀಪದ ಹಾಗೆ, ಸುತ್ತ ಹೊಲಗದ್ದೆಯ ಸಮುದ್ರ. ಹಳದಿ ಕೊರಳಿನ ಪಿಕಳಾರ ಎಂಬ ಹಕ್ಕಿಯೂ ಇಂಥ ಕಲ್ಲುಗುಡ್ಡಗಳನ್ನೇ ನೆಚ್ಚಿದೆ. ದರೋಜಿಯಲ್ಲಿದೆ, ಹಂಪಿಯಲ್ಲಿದೆ, ನಂದಿ ಬೆಟ್ಟದಲ್ಲಿದೆ, ನಡುವಿನ ಬಯಲಿನಲ್ಲಿಲ್ಲ.

ನಿಜವಾದ ದ್ವೀಪದಲ್ಲಿ ಕರಡಿ ಏನಾಯಿತು ಎಂಬುದು ನಮಗೆ ಗೊತ್ತು. ಹಿಮಯುಗದಲ್ಲಿ ಸಮುದ್ರ ಇಳಿದಾಗ ಶ್ರೀಲಂಕಾ ನಮಗೆ ನೆಲದಿಂದಲೇ ಅಂಟಿಕೊಂಡಿತ್ತು. ನೀರು ಏರಿದ ಮೇಲೆ ಅಲ್ಲಿಯ ಕರಡಿಗಳು ಅಲ್ಲೇ ಉಳಿದವು. ಇವತ್ತು ಅವು ನಮ್ಮವುಗಳಿಗಿಂತ ಸಣ್ಣ, ಕೂದಲೂ ಗಿಡ್ಡ. ಅವನ್ನು ಉಪಪ್ರಭೇದ ಎಂದೇ ಕರೆಯುತ್ತಾರೆ. ದರೋಜಿಯ ಕರಡಿಯೂ ಹಾಗಾಗುತ್ತದೆ ಎಂದು ನಾನು ಹೇಳುತ್ತಿಲ್ಲ. ಅದಕ್ಕೆ ಸಾವಿರಾರು ವರ್ಷ ಬೇಕು. ಇನ್ನೊಂದು ತಮಾಷೆಯೂ ಇದೆ. ಅಲ್ಲಿ ಸಂಜೆ ಬಂಡೆಗೆ ಬೆಲ್ಲ ಸವರುತ್ತಾರೆ, ಜನ ಗೋಪುರದಿಂದ ನೋಡುತ್ತಾರೆ. ಇಲ್ಲಿಯ ಕರಡಿಯನ್ನು ತೂಗಿ ಬೇರೆ ಕಾಡಿನ ಕರಡಿಗೆ ಹೋಲಿಸುವವರು ಬೆಲ್ಲದ ಲೆಕ್ಕವನ್ನೂ ಕಳೆಯಬೇಕು!

ಕಡಿದುಹೋದ ಗುಂಪಿಗೆ ಏನು ಮಾಡಬಹುದು? ಇಲ್ಲಿ ಮತ್ತೆ ಬಾಲದ ಕಥೆ ಬರುತ್ತದೆ. ಅಮೆರಿಕದ ಫ್ಲಾರಿಡಾದಲ್ಲಿ ಪ್ಯಾಂಥರ್ ಎನ್ನುವ ದೊಡ್ಡ ಬೆಕ್ಕು 1990ರ ದಶಕದ ಹೊತ್ತಿಗೆ ಮೂವತ್ತರೊಳಗೆ ಬಂದು ನಿಂತಿತ್ತು. ಅವುಗಳ ಬಾಲದ ತುದಿ ಸೊಟ್ಟ. ಮೊದಮೊದಲು ಅದು ಆ ನಾಡಿನ ಪ್ಯಾಂಥರ್‌ನ ಗುರುತು ಎಂದೇ ಭಾವಿಸಿದ್ದರು. ಅದು ಹತ್ತಿರದ ನೆಂಟಸ್ತಿಕೆಯಲ್ಲೇ ಮರಿ ಹುಟ್ಟಿದ್ದರ ಫಲ. ಹೃದಯದ ದೋಷಗಳೂ ಇದ್ದವು. 1995ರಲ್ಲಿ ಟೆಕ್ಸಾಸಿನಿಂದ ಅದೇ ಪ್ರಭೇದದ 8 ಹೆಣ್ಣುಗಳನ್ನು ತಂದು ಬಿಟ್ಟರು. ಮುಂದೆ ಹುಟ್ಟಿದವುಗಳಲ್ಲಿ ಸೊಟ್ಟ ಬಾಲ ಕಡಿಮೆಯಾಯಿತು, ಸಂಖ್ಯೆಯೂ ಏರಿತು. ಹೊಸ ನೆತ್ತರು ಕೂಡಿದ್ದಕ್ಕೆ ಗುಂಪು ಉಳಿಯಿತು.

ಹಾಗಾದರೆ ಎಲ್ಲಿಂದಾದರೂ ತಂದು ಬಿಟ್ಟರೆ ಆಯ್ತಲ್ಲ? ಅಜ್ಜಾರ, ಇದು ನಿಮಗೆ ಚೆನ್ನಾಗಿ ಅರ್ಥವಾಗುತ್ತದೆ. ಯುರೋಪಿನ ಟಾಟ್ರಾ ಬೆಟ್ಟಗಳಲ್ಲಿ ಐಬೆಕ್ಸ್ ಎಂಬ ಕಾಡುಮೇಕೆಯನ್ನು ತಂದು ಬೆಳೆಸಿದ್ದರು. ಆಮೇಲೆ ಬಿಸಿ ನಾಡುಗಳ ಕಾಡುಮೇಕೆಗಳನ್ನೂ ಅದಕ್ಕೆ ಕೂಡಿಸಿದರು. ಅವು ಹತ್ತಿರದ ನೆಂಟರು, ಆದರೆ ಬೆದೆಗೆ ಬರುವ ಕಾಲ ಬೇರೆ. ಮಿಶ್ರ ಮೇಕೆಗಳು ಬೇಗ ಬೆದೆಗೆ ಬಂದು ಫೆಬ್ರವರಿಯ ಹಿಮದಲ್ಲಿ ಈದವು. ಮರಿ ಉಳಿಯಲಿಲ್ಲ, ಗುಂಪೇ ಮುಗಿಯಿತು.

('ಹಿಂಡು ಈಯೋ ಕಾಲ ತಪ್ಪಿದ್ರ ವರ್ಷದ ದುಡಿಮೀನ ಹೋತು' ಎಂದರು ಅಜ್ಜ.)

ಅದೇ ಮಾತು. ತರುವ ಮೊದಲು, ಅಲ್ಲಿಯದಕ್ಕೂ ಇಲ್ಲಿಯದಕ್ಕೂ ಏನು ವ್ಯತ್ಯಾಸ, ಯಾಕೆ ವ್ಯತ್ಯಾಸ ಎಂದು ಗೊತ್ತಿರಬೇಕು. ನಮ್ಮಲ್ಲಿ ಊರ ಮಂಗಗಳ ಕಾಟ ಜಾಸ್ತಿ ಆದಾಗ ಬೋನಿಗೆ ಹಾಕಿ ಯಾವುದೋ ಗುಡ್ಡಕ್ಕೆ ಬಿಟ್ಟು ಬರುತ್ತಾರೆ. ನಮ್ಮ ಓಣಿಯಲ್ಲೂ ಒಮ್ಮೆ ಹೀಗಾಯಿತು. ಹಂಚಿನ ಮನೆ, ಕಿರಾಣಿ ಅಂಗಡಿ ನೋಡಿ ಬೆಳೆದ ಗುಂಪು ಅದು. ಗುಡ್ಡದಲ್ಲಿ ಏನು ತಿನ್ನಬೇಕು ಅಂತ ಅದಕ್ಕೆ ಯಾರು ಹೇಳಿಕೊಡಬೇಕು? ಕೆಲವೇ ದಿನಕ್ಕೆ ಗುಡ್ಡದ ಬುಡದ ಹಳ್ಳಿಯವರು ಬೈಯಲು ಶುರು ಮಾಡಿದರು. ಮಂಗ ಜಾಗ ಬದಲಿಸಿತ್ತು, ಕಾಟ ಮಾತ್ರ ಅದೇ.

(ಕೊನೆಗೆ ಪ್ರಶ್ನೆಗಳಿದ್ದವು. ಪದವಿಯಲ್ಲಿ ಓದುವ ಒಬ್ಬ ಹುಡುಗಿ ಕೇಳಿದ್ದು: 'ಸರ್, ಆನೆಗೊಂದಿ ಕಡೆಯ ಮುಸ್ಯಾ, ಹೊಳೆ ಆಚೆ ಹಂಪಿ ಕಡೆಯ ಮುಸ್ಯಾ ಒಂದೇನಾ, ಬೇರೆನಾ?')

ಇದು ನಾನು ಉತ್ತರ ಹೇಳಬೇಕಾದ ಪ್ರಶ್ನೆ ಅಲ್ಲಮ್ಮ, ನೀನು ನೋಡಬೇಕಾದ ಪ್ರಶ್ನೆ. ಬೇಸಿಗೆಯಲ್ಲಿ ಹೊಳೆ ಇಳಿದಾಗ ಬಂಡೆಯಿಂದ ಬಂಡೆಗೆ ಹಾರಿ ದಾಟುತ್ತವೋ ಇಲ್ಲವೋ, ಮೊದಲು ಅದನ್ನು ನೋಡು. ದಾಟಿದರೆ ಬೇರೆ ಆಗಲು ಅವಕಾಶ ಕಡಿಮೆ. ಆಮೇಲೆ ಒಂದು ನೋಟ್‌ಬುಕ್ಕಿನಲ್ಲಿ ಆಚೆ, ಈಚೆ ಎಂದು ಎರಡು ಕಾಲಂ ಹಾಕಿಕೋ. ನಡೆಯುತ್ತಿರುವ ಮುಸ್ಯಾನ ಬಾಲವನ್ನೇ ಬರೆದುಕೋ, ಕೂತದ್ದು ಲೆಕ್ಕಕ್ಕಿಲ್ಲ. ಕೂತಾಗ ಬಾಲ ಜೋತು ಬಿದ್ದಿರುತ್ತದೆ. ಕೈಕಾಲಿನ ಬಣ್ಣ, ತಲೆಯ ಕೂದಲಿನ ಜುಟ್ಟು ಕೂಡ ಬರೆ. ಬೆಳಗ್ಗೆ ಏಳರೊಳಗೆ ಹೋಗು, ಜನ ಬಂದ ಮೇಲೆ ಅವು ನಡೆಯುವುದಕ್ಕಿಂತ ಕಿತ್ತುಕೊಳ್ಳುವುದೇ ಜಾಸ್ತಿ. ಬಾಳೆಹಣ್ಣು ಮಾತ್ರ ಒಯ್ಯಬೇಡ.